ನಾ ಏನಂದ್ನಿ, ಹೇಳ್ರಿ

ಗುರುಪಾದಪ್ಪ ಕಾಕಾರ ಜೊತೆ ಮಾತು ಮುಗಿಸಿ ಹಾಗೇ ಎದ್ದು ಬರುವಂತಿರಲಿಲ್ಲ. ಬಾಗಿಲಿಗೆ ಅಡ್ಡ ನಿಂತು, "ನಾ ಏನಂದ್ನಿ, ಹೇಳ್ರಿ ನೋಡೂಣು" ಎನ್ನುತ್ತಿದ್ದರು.

ಬನಹಟ್ಟಿಯಲ್ಲಿ ಪವರ್‌ಲೂಮ್ ರಿಪೇರಿ ಮಾಡುತ್ತಲೇ ಅವರ ಆಯುಷ್ಯ ಕಳೆದಿತ್ತು. ಆ ಸದ್ದಿಗೆ ಕಿವಿ ಮುಕ್ಕಾಲು ಹೋಗಿತ್ತು. ತಮಗೆ ಕೇಳಿಸದ ಮೇಲೆ ಬೇರೆ ಯಾರಿಗೂ ಸರಿಯಾಗಿ ಕೇಳಿಸುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಗಾಯಗೊಂಡ ಬೀದಿನಾಯಿಗಳನ್ನು ನೋಡಿಕೊಳ್ಳುವ ನಮ್ಮ ಐದು ಜನರ ಗುಂಪಿನಲ್ಲಿ ಅವರೇ ಹಿರಿಯರು. ನಾನು ರಬಕವಿಯ ಶಾಲೆಯೊಂದರಲ್ಲಿ ಕಲಿಸುವವಳು. ದಿನವಿಡೀ ಮಕ್ಕಳಿಂದ ಪಾಠ ಒಪ್ಪಿಸಿಕೊಂಡು, ಸಂಜೆ ಕಾಕಾರಿಗೆ ನಾನು ಒಪ್ಪಿಸಬೇಕಿತ್ತು: ಗಾಯ ಯಾವ ಕಾಲಿಗೆ, ಗುಳಿಗೆ ಎಷ್ಟು, ನಾಳೆ ಹೋಗುವವರು ಯಾರು. ಒಂದು ತಪ್ಪಿದರೆ ಮತ್ತೆ ಮೊದಲಿನಿಂದ. ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಕಿವಿ ಕೇಳದಿದ್ದರೂ ಅದು ಅವರಿಗೆ ಗೊತ್ತಿತ್ತು.

ಅವರ ಮನೆಯಲ್ಲಿ ಚಂದ್ರಿ ಎಂಬ ಮುದಿ ಮುಧೋಳ ನಾಯಿ ಇತ್ತು. ವಯಸ್ಸಾಯಿತೆಂದು ಯಾರೋ ರಸ್ತೆಗೆ ಬಿಟ್ಟುಹೋದದ್ದು. ಅದರ ಪಕ್ಕೆಲುಬು ನೋಡಿದ ಹೊಸಬರು, "ಅಜ್ಜಾರ, ಅದಕ್ಕ ಒಂದೀಟು ಕೂಳು ಹಾಕ್ರಿ" ಎಂದರೆ ಕಾಕಾರಿಗೆ ಸಿಟ್ಟು.

"ಅದರ ಜಾತಿನ ಹಂಗ ಐತ್ರಿ. ನನಗಿಂತ ಛಲೋ ತಿಂತೈತಿ."

ಒಂದು ಮಧ್ಯಾಹ್ನ ಗುಂಪಿನ ವಾಟ್ಸಾಪಿಗೆ ಫೋಟೋ ಬಂತು. ಜಮಖಂಡಿ ರಸ್ತೆಯ ಪೆಟ್ರೋಲ್ ಬಂಕಿನ ಎದುರು ಗಾಡಿ ಬಡಿದು ಬಿದ್ದಿರುವ ಕಂದು ನಾಯಿ, ಇನ್ನೂ ಜೀವವಿದೆ. ಫೋಟೋ ಕಳಿಸಿದವರು ನಮ್ಮವರೇ, ಬಸ್ಸಿನಲ್ಲಿದ್ದರು. ಕಾಕಾರನ್ನು ಬಿಟ್ಟು ಉಳಿದ ಮೂವರು ಹೆಬ್ಬೆರಳಿನ ಚಿತ್ರ ಒತ್ತಿದೆವು. ಮಿಕ್ಕಿಬ್ಬರಲ್ಲಿ ಒಬ್ಬರಾದರೂ ಹೋಗುತ್ತಾರೆಂದು ನಾನು ಒಂಬತ್ತನೇ ತರಗತಿಗೆ ಹೋದೆ. ಅವರಿಬ್ಬರೂ ಹಾಗೆಯೇ ಅಂದುಕೊಂಡು ತಮ್ಮ ತಮ್ಮ ಕೆಲಸಕ್ಕೆ ಹೋಗಿದ್ದರು.

ಕಾಕಾರ ಫೋನಿನಲ್ಲಿ ವಾಟ್ಸಾಪ್ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ನಾನೇ ಹೋಗಿ ಹೇಳಿದೆ.

"ಯಾರ ಹೋಗ್ಯಾರ?" ಎಂದರು.

"ಯಾರರೆ ಹೋಗಿರಬೇಕ್ರಿ."

ಕಾಕಾ ಆಗಲೇ ಚಪ್ಪಲಿ ಮೆಟ್ಟಿದ್ದರು. ಆಟೋ ಹಿಡಿದು ಹೋದೆವು. ನಾಯಿ ಸತ್ತು ಸೆಟೆದಿತ್ತು. ಯಾರೋ ಪುಣ್ಯಾತ್ಮರು ಅದರ ಬಾಯಿಯ ಹತ್ತಿರ ಇಟ್ಟಿದ್ದ ನೀರಿನ ಡಬ್ಬಿ ಖಾಲಿಯಾಗಿತ್ತು. ಅಷ್ಟು ನೀರು ಕುಡಿಯುವಷ್ಟು ಹೊತ್ತು ಅದು ಬದುಕಿತ್ತು. ನೆನೆದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕಾಕಾ ಬೈಯಲಿಲ್ಲ. ಮರಳಿ ಬರುವಾಗ ಆಟೋದಲ್ಲಿ ಇಷ್ಟೇ ಹೇಳಿದರು: "ಪಾಳಿ ಮುಗೀತಂತ ನೇಕಾರ ಹಂಗ ಎದ್ದ ಹೋಗೂದಿಲ್ರಿ ಅಕ್ಕೋರ. ಮುಂದಿನಾಂವ ಬಂದು, ಇನ್ನ ಈ ಮಗ್ಗ ನಂದು ಅಂದ ಮ್ಯಾಲ ಇಂವ ಕೈ ಬಿಡಬೇಕು. ಆ ನಾಯಿ ಇವತ್ತ ಯಾರ ಕೈಯಾಗ ಇತ್ತು?"

ಮರುದಿನದಿಂದ ಗುಂಪಿನಲ್ಲಿ ಹೆಬ್ಬೆರಳು ಬಂದ್ ಆಯಿತು. ಹೋಗುವವರು ತಮ್ಮ ಹೆಸರು ಹಾಕಿ ಹೊರಟೆ ಎಂದು ಬರೆಯಬೇಕು, ಇನ್ನೊಬ್ಬರು ಅದನ್ನೇ ತಿರುಗಿ ಬರೆಯಬೇಕು. ಕಾಕಾರ ಮೇಲೆ ನಗುವುದೂ ನಿಂತಿತು.

ಹೋದ ವರ್ಷ ಅವರು ಬೀಳಗಿಯ ಮಗಳ ಮನೆಗೆ ಹೊರಟರು. ಎರಡೇ ತಿಂಗಳಿಗೆ ಅಲ್ಲಿ ತೀರಿಕೊಂಡರು, ಹಾಗಾಗಿ ಹೊರಡುವ ದಿನದ ಭೇಟಿಯೇ ಕೊನೆಯದಾಯಿತು. ಮಗಳ ಕೂಸಿಗೆ ದಮ್ಮು ಇತ್ತು, ನಾಯಿಯನ್ನು ಒಯ್ಯುವಂತಿರಲಿಲ್ಲ. ಅದನ್ನು ಇಟ್ಟುಕೊಳ್ಳಲು ನನ್ನನ್ನು ಕರೆಸಿದ್ದರು.

"ನನಗ ಯಾಕ್ರಿ ಕಾಕಾ? ಅವತ್ತ ನಾನೂ..." ಎಂದೆ.

ಕೇಳಿಸಲಿಲ್ಲವೋ, ಕೇಳಿಸದವರಂತೆ ಇದ್ದರೋ. ಚಂದ್ರಿಯ ಹಗ್ಗ ಹಿಡಿದುಕೊಂಡೇ ಅದರ ಊಟ, ಔಷಧಿ, ಕಣ್ಣು, ಅಂಜಿಕೆ ಎಲ್ಲ ಹೇಳಿದರು.

"ನಾ ಏನಂದ್ನಿ, ಹೇಳ್ರಿ."

ಒಪ್ಪಿಸಿದೆ. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಎಡಗಿವಿಗೆ ಔಷಧಿ, ಪಟಾಕಿ ಹಾರಿದರೆ ಒಳಗೆ ಕೂಡಿಸಬೇಕು. ಕೈ ಚಾಚಿದೆ. ಅವರು ಹಗ್ಗ ಬಿಡಲಿಲ್ಲ.

"ಕಣ್ಣಿಂದು ಬಿಟ್ರಿ. ಬಲಗಣ್ಣ ಕಾಣಸೂದಿಲ್ಲ ಅಕಿಗೆ. ಎಡಗಡಿಂದ ಬರ್ರಿ, ಹೆಸರ ಹಿಡದ ಕರೀರಿ, ಇಲ್ಲಂದ್ರ ಅಂಜತಾಳ. ಮದ್ಲಿಂದ ಹೇಳ್ರಿ."

ಮೊದಲಿನಿಂದ ಹೇಳಿದೆ, ಕಣ್ಣಿನದೂ ಸೇರಿಸಿ. ಆಮೇಲೆ ಅವರು ಕೇಳದಿದ್ದರೂ ಇನ್ನೊಂದು ಮಾತು ಹೇಳಿದೆ, ಅವರ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ.

"ಇನ್ನ ಚಂದ್ರಿ ನನ್ನ ಕೈಯಾಗ ಅದಾಳ್ರಿ, ಕಾಕಾ."

ಆಗ ಹಗ್ಗ ಬಿಟ್ಟರು.