ಅತ್ತೆಯ ಕಾರಿನ ಟಕ್

ಅತ್ತೆಯ ಕಾರಿನಲ್ಲಿ ಮೊದಲ ಸಲ ಕೂತಾಗ ನಾನು ದಾರಿಯುದ್ದಕ್ಕೂ ಕಾರು ಎತ್ತುವ ಜಾಕನ್ನು ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಅವಳು ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗಲೆಲ್ಲ ಹಿಂದಿನಿಂದ ‘ಟಕ್’ ಎನ್ನುತ್ತಿತ್ತು. ಡಿಕ್ಕಿಯಲ್ಲಿ ಜಾಕ್ ಉರುಳಾಡುತ್ತಿದೆ ಎಂದು ಮಹಾ ಜಾಣನಂತೆ ತೀರ್ಮಾನಿಸಿ, ಕಾರು ನಿಲ್ಲಿಸಲು ಹೇಳಿ, ಅದನ್ನು ಎತ್ತಿ ತಂದಿದ್ದೆ. ಟಕ್ ನಿಲ್ಲಲಿಲ್ಲ, ಪ್ಯಾಂಟಿಗೆ ಗ್ರೀಸ್ ಮೆತ್ತಿತು. ಅತ್ತೆ ಮನೆ ಮುಟ್ಟಿಸಿದಳು. ಇಳಿಯುವಾಗ, “ಮಗು ಮಲಗ್ತೇನೋ?” ಅಂದಳು.

ಹಾಸಿಗೆ ಅಂಗಡಿಯಲ್ಲಿ ಸಂಬಳಕ್ಕೆ ನಿಂತು ದಿನವಿಡೀ ಗಿರಾಕಿಗಳಿಗೆ ನಿದ್ದೆ ಮಾರುವ ನನಗೆ ಗೇರಿನ ಗಂಧಗಾಳಿಯೂ ಇರಲಿಲ್ಲ. ಅತ್ತೆ, ಅಂದರೆ ಅಪ್ಪನ ತಂಗಿ, ಬಸ್ ಡಿಪೋದಲ್ಲಿ ಫಿಟ್ಟರ್. ಬಸ್ಸುಗಳ ಹಿಂದಿನ ಆಕ್ಸಲ್ ಬಿಚ್ಚಿ ಜೋಡಿಸುವುದು ಅವಳ ಕೆಲಸ. ಈ ಕಾರು ಯಾರೋ ಗುದ್ದಿಸಿ ಗುಜರಿಗೆ ಹಾಕಿದ್ದು. ಅದನ್ನು ಮನೆಯ ಹಿಂದಿನ ಶೆಡ್ಡಿನಲ್ಲಿ ಮತ್ತೆ ಕಟ್ಟಿ, ಹಿಂದಿನ ಚಕ್ರ ತಿರುಗಿಸುವ ಗೇರುಗಳ ಪೆಟ್ಟಿಗೆಗೆ ಒತ್ತಾಗಿ ಕೊಟ್ಟಿದ್ದ ರಬ್ಬರ್ ತೆಗೆದು ಲೋಹ ಕೂರಿಸಿದ್ದಳು. ಹಿಡಿತ ಗಟ್ಟಿಯಾಯಿತು, ಜೊತೆಗೆ ಒಳಗಿನ ಸದ್ದೆಲ್ಲ ನೇರ ಸೀಟಿಗೇ ಬರತೊಡಗಿತು. ಗುಡ್ಡದ ರಸ್ತೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಕಾರುಗಳ ಓಟದಲ್ಲಿ ಒಮ್ಮೆಯಾದರೂ ತುದಿ ಮುಟ್ಟಬೇಕು ಎಂಬುದು ಅವಳ ಹಟ.

ಹೋದ ವರ್ಷ ಮನೆಯವರೆಲ್ಲ ಆ ಸದ್ದಿಗೆ ತಲೆ ತಿಂದದ್ದಕ್ಕೆ ಕಾರನ್ನು ಗ್ಯಾರೇಜಿಗೆ ಬಿಟ್ಟಿದ್ದಳು. ಗ್ಯಾರೇಜಿನವನು ಟಕ್ ಹೋಗಲೆಂದು ಗೇರಿನ ಹಲ್ಲುಗಳ ನಡುವಿನ ಸಂದನ್ನೇ ಮುಚ್ಚಿಬಿಟ್ಟ. ಓಟದ ದಿನ ಕಾರು ಬೆಣ್ಣೆಯ ಹಾಗೆ ಹೊರಟಿತು. ಅರ್ಧ ಗುಡ್ಡ ಏರುವಷ್ಟರಲ್ಲಿ ಬಿಸಿಗೆ ಹಲ್ಲುಗಳು ಹಿಗ್ಗಿ, ಒಂದಕ್ಕೊಂದು ಕಚ್ಚಿಕೊಂಡು ನಿಂತವು. ಹಗ್ಗ ಕಟ್ಟಿ ಎಳೆದು ತಂದರು. ಡಿಪೋದವರು ಇವತ್ತಿಗೂ ಆ ಹಗ್ಗದ ಕ್ಷೇಮಸಮಾಚಾರ ವಿಚಾರಿಸುತ್ತಾರೆ.

ಈ ವರ್ಷ ಅತ್ತೆ ಯಾರ ಕೈಗೂ ಕೊಡಲಿಲ್ಲ. ಹಲ್ಲುಗಳಿಗೆ ಬಣ್ಣ ಬಳಿದು, ತಿರುಗಿಸಿ, ಗುರುತು ಎಲ್ಲಿ ಬಿತ್ತೆಂದು ನೋಡಿ, ಹಿಗ್ಗಲು ಬೇಕಾದಷ್ಟೇ ಸಂದು ಉಳಿಸಿ ತಾನೇ ಜೋಡಿಸಿದಳು. ಟಕ್ ತವರಿಗೆ ಬಂದ ಮಗಳ ಹಾಗೆ ಹಕ್ಕಿನಿಂದ ವಾಪಸಾಯಿತು.

ತೊಂದರೆ ಇದ್ದದ್ದು ಓಟಕ್ಕೆ ಮುಂಚೆ ಕಾರು ನೋಡುವ ಪರೀಕ್ಷಕರದ್ದು. ಸದ್ದು ಕೇಳಿದರೆ ಗೇಟಿನಿಂದಲೇ ಹಿಂದಕ್ಕೆ ಕಳಿಸುವವರು ಅವರು. ಅತ್ತೆಯ ಗಂಡ, ಅಂದರೆ ನನ್ನ ಮಾವ, ಟೈಲರ್. ನನ್ನ ಅಂಗಡಿಯಲ್ಲಿ ಉಳಿದ ಫೋಮ್ ತರಿಸಿ, ಸೀಟಿನ ಕೆಳಗೂ ಹಿಂದೂ ಹಾಸಲು ದಪ್ಪನೆಯ ಗವಸು ಹೊಲಿದರು. ಪರೀಕ್ಷೆ ಮುಗಿಯುವವರೆಗೆ ಇರಲಿ, ಆಮೇಲೆ ಕಿತ್ತು ಬಿಸಾಕು ಎಂದು ಗೋಗರೆದರು. ಅತ್ತೆ ಅದನ್ನು ಹಾಸಲು ಬಿಟ್ಟಳು. ಪರೀಕ್ಷೆಯ ಸಾಲಿನಲ್ಲಿ ನಮ್ಮ ಸರದಿ ಬಂದಾಗ ಅದನ್ನು ಪರಪರ ಕಿತ್ತು ನನ್ನ ತೊಡೆಗೆ ಹಾಕಿದಳು.

“ತಗೋ, ಇದನ್ನೂ ಮಲಗಿಸ್ಕೋ.”

ನನ್ನನ್ನು ಗವಸಿನ ಸಮೇತ ಇಳಿಸಿ ಪರೀಕ್ಷಕರು ಪಕ್ಕದಲ್ಲಿ ಕೂತರು. ಅತ್ತೆ ಬೇಕೆಂದೇ ಆಕ್ಸಿಲರೇಟರ್ ಬಿಟ್ಟಳು, ಒತ್ತಿದಳು. ಟಕ್. ಮತ್ತೆ ಟಕ್. ಅವರು ಇದಾಗೋದಿಲ್ಲ ಎಂದು ಇಳಿಯಲು ಹೊರಟರು.

“ಕಿವೀಲಿ ಕೇಳಿದ್ದು ಸಾಕು ಸಾರ್, ಅಳತೆ ಇಟ್ಟು ನೋಡಿ,” ಅಂದವಳೇ ಜಾಕ್ ಕೊಟ್ಟು ಕಾರಿನ ಹಿಂಭಾಗ ಎತ್ತಿಸಿ, ಎಣ್ಣೆ ಇಳಿಸಿ, ಗೇರು ಪೆಟ್ಟಿಗೆಯ ಮುಚ್ಚಳ ಬಿಚ್ಚಿ ನಿಂತಳು. ಹಿಂದಿನ ಕಾರುಗಳವರು ಹಾರನ್ ಹೊಡೆದರು. ಮಾವ ಬೇರೆ ಯಾರದೋ ಗಂಡನ ಹಾಗೆ ಗುಡ್ಡ ನೋಡುತ್ತಿದ್ದರು. ಪರೀಕ್ಷಕರು ಸಂದು ಅಳೆಯುವ ಮುಳ್ಳಿನ ಮೀಟರ್ ಇಟ್ಟು ಹಲ್ಲನ್ನು ಹಿಂದೆ ಮುಂದೆ ಆಡಿಸಿದರು, ಜಾಗ ಬದಲಿಸಿ ಮತ್ತೆ ಆಡಿಸಿದರು. ಸಂದು ಇರಬೇಕಾದಷ್ಟೇ ಇತ್ತು. ಮುಚ್ಚಳ ಹಾಕಿ ಎಣ್ಣೆ ತುಂಬಿಸಿದ ಮೇಲೆ ಬಾಗಿಲಿಗೆ ಓಟದ ಚೀಟಿ ಅಂಟಿಸಿದರು.

ಅಂಟಿಸಿ ಸುಮ್ಮನೆ ಹೋಗಬಹುದಿತ್ತು. ಕಿಟಕಿಗೆ ಬಗ್ಗಿ, ಸಾಲಿನವರಿಗೆಲ್ಲ ಕೇಳುವ ಹಾಗೆ ಕೇಳಿದರು: “ಹೋದ ವರ್ಷದ ಹಾಗೆ ಅರ್ಧಕ್ಕೇ ನಿಂತ್ರೆ ಏನಮ್ಮಾ ಮಾಡ್ತೀರಿ?”

ಯಾರೋ ಕಿಸಕ್ಕೆಂದರು. ಅತ್ತೆ ಬೆಲ್ಟ್ ಎಳೆದು ಹಾಕಿಕೊಂಡಳು.

“ಇಳಿದು ಬಿಚ್ಚಿ ನೋಡ್ತೀನಿ. ಈ ಸಲ ಜೋಡಿಸಿದ್ದು ನಾನೇ, ಬೈಸ್ಕೊಳ್ಳೋಕೂ ನಾನೊಬ್ಬಳೇ ಇದ್ದೀನಿ. ದಾರಿ ಬಿಡಿ.”