ಸನ್ಮಾನಕ್ಕೆ ಸುಣ್ಣ ಬಳಿದ ಗೋಡೆ

ಮರ್ಯಾದೆ ಅಂದರೆ ಮೈ ಉರಿಯುವ ಕಾಲವೊಂದು ಪಂಚಾಕ್ಷರಪ್ಪನವರಿಗೆ ಬಂತು. ಲಕ್ಕವಳ್ಳಿ ಅಣೆಕಟ್ಟಿನ ಬಿಸಿಲಲ್ಲಿ ಕೂದಲು ನರೆಸಿಕೊಂಡು, ಎಂಜಿನಿಯರಾಗಿ ನಿವೃತ್ತರಾಗಿ, ತರೀಕೆರೆಯಲ್ಲಿ ಮನೆ ಮಾಡಿದ್ದ ಮನುಷ್ಯ ಅವರು. ಸುಮ್ಮನೆ ಕೂತರೆ ಜಡ್ಡು ಹಿಡಿಯುವ ಜೀವ. ಎಂಬತ್ಮೂರನೇ ಇಸವಿಯ ಶಿವರಾತ್ರಿ ಕಳೆದ ಮೇಲೆ, ಅಜ್ಜಂಪುರದಲ್ಲಿ ತೀರ್ಥಪ್ಪ ಎಂಬುವರು ನಡೆಸುತ್ತಿದ್ದ ಆಶ್ರಮದ ಸುದ್ದಿ ಅವರ ಕಿವಿಗೆ ಬಿತ್ತು. ತಂದೆತಾಯಿಯಿಲ್ಲದ ಹೆಣ್ಣುಮಕ್ಕಳನ್ನು ಊರವರು ಕೊಟ್ಟ ದವಸಧಾನ್ಯದಲ್ಲಿ ಸಾಕುತ್ತಿದ್ದ ಪುಟ್ಟ ಆಶ್ರಮ. ನನಗೆ ಗೊತ್ತಿರುವುದು ಕಟ್ಟಡ ಮತ್ತು ನೀರು, ಅದನ್ನೇ ಪುಕ್ಕಟೆ ಮಾಡಿಕೊಡೋಣ ಎಂದುಕೊಂಡು ಒಂದು ಭಾನುವಾರ ಬಸ್ಸು ಹತ್ತಿದರು.

ಹೋದವರ ಕಣ್ಣಿಗೆ ಮೊದಲು ಬಿದ್ದದ್ದೇ ಊಟದ ಮನೆಯ ಗೋಡೆ. ಬುಡದಿಂದ ಹೊರಟ ಬಿರುಕು ಹಂಚಿನ ಮಾಡಿನವರೆಗೂ ಹತ್ತಿತ್ತು. ಗೋಡೆಯ ಆಚೆ ಬದಿಗೆ ಬಚ್ಚಲು.

"ಇದು ಎರೆ ನೆಲ ಕಣ್ರೀ," ಎಂದರು ತೀರ್ಥಪ್ಪನವರಿಗೆ. "ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಬಾಯಿ ಬಿಡುತ್ತೆ. ಬಚ್ಚಲ ನೀರೆಲ್ಲಾ ಪಾಯಕ್ಕೇ ಇಳೀತಿದೆ. ಮೊದಲು ಒಂದು ಕಾಲುವೆ ತೋಡಿ ಆ ನೀರನ್ನ ಆಚೆ ತಿರುಗಿಸ್ಬೇಕು. ಆಮೇಲೆ ಗೋಡೆ ಬಿಚ್ಚಿ ಕಟ್ಟೋಣ. ಅಲ್ಲೀತನಕ ಮಕ್ಕಳನ್ನ ಒಳಗೆ ಕೂರಿಸ್ಬೇಡಿ. ಮಳೆ ಹಿಡಿದ್ರೆ ಈ ಗೋಡೆ ನಿಲ್ಲಲ್ಲ."

"ಆಗ್ಲಿ ಸಾರ್," ಎಂದರು ತೀರ್ಥಪ್ಪ. "ತಾವು ಬಿಸ್ಲಲ್ಲಿ ನಿಂತ್ಕಬ್ಯಾಡಿ. ಲೇ ಕರಿಬಸಮ್ಮ, ಸಾಹೇಬ್ರಿಗೆ ಕಾಫಿ ತಗೊಂಬಾ!"

ಅಡುಗೆಯ ಕರಿಬಸಮ್ಮ ಕಾಫಿ ತಂದರು. ಆಶ್ರಮದಲ್ಲಿದ್ದ ಒಂದೇ ಒಂದು ಕೈಕುರ್ಚಿ ಜಗುಲಿಗೆ ಬಂತು. ಮುಂದಿನ ಭಾನುವಾರವೂ ಅದೇ ಕುರ್ಚಿ, ಅದೇ ಕಾಫಿ. ಅದರ ಮುಂದಿನ ಭಾನುವಾರ ಬಾಳೆಹಣ್ಣೂ ಸೇರಿತು. ಕಾಲುವೆ ಮಾತ್ರ ತೋಡಲಿಲ್ಲ, ಮಕ್ಕಳು ಅದೇ ಗೋಡೆಗೆ ಬೆನ್ನು ಕೊಟ್ಟು ಉಣ್ಣುತ್ತಿದ್ದರು. ಕೇಳಿದರೆ ತೀರ್ಥಪ್ಪನವರದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ. ಹೊರಗೆ ಬಿಸಿಲು, ಮಕ್ಕಳು ಪಾಪ, ನೋಡೋಣ, ಮಾಡೋಣ. ಕೊನೆಗೆ ಬಾಯಿ ಬಿಟ್ಟರು.

"ಗುದ್ದಲಿ ಪೂಜೆ ಆಗ್ದೆ ನೆಲಕ್ಕೆ ಕೈ ಹಾಕೋದು ಹೆಂಗೆ ಸಾರ್? ಯಾರಾದ್ರೂ ದೊಡ್ಡೋರ ಕೈಲಿ ಮಾಡ್ಸೋಣ ಅಂತ. ಅವ್ರು ಇನ್ನೂ ದಿನ ಕೊಟ್ಟಿಲ್ಲ."

"ಬಚ್ಚಲ ಕಾಲುವೆಗೂ ಗುದ್ದಲಿ ಪೂಜೆಯೇನ್ರೀ!" ಎಂದು ಪಂಚಾಕ್ಷರಪ್ಪ ತಾವೇ ಗುದ್ದಲಿಗೆ ಕೈ ಹಾಕಿದರು. ತೀರ್ಥಪ್ಪ ಓಡಿಬಂದು ಕಿತ್ತುಕೊಂಡರು. "ಅಯ್ಯೋ, ತಮ್ಮ ಕೈಲಿ ಮಣ್ಣು ಹೊರಿಸಿದ್ರೆ ನಮಗೆ ನರಕಾನೇ ಗತಿ!"

ಸಂಜೆ ಮನೆಗೆ ಬಂದರೆ ಹೆಂಡತಿ ವಿಶಾಲಾಕ್ಷಮ್ಮ ಬಾಗಿಲಲ್ಲೇ ಕೇಳುವರು: "ಏನ್ರೀ, ಇವತ್ತು ಎಷ್ಟು ಲೋಟ ಕಾಫಿ ಕಟ್ಟಿ ಬಂದ್ರಿ?" ಪಂಚಾಕ್ಷರಪ್ಪ ಚಪ್ಪಲಿಯನ್ನು ಮೂಲೆಗೆ ಒದೆಯುವರು. ಜೀವಮಾನವೆಲ್ಲಾ ಕಲಿತ ವಿದ್ಯೆಯನ್ನು ಕೈಯಲ್ಲಿ ಹಿಡಿದುಕೊಂಡು ಹೋದರೂ ತೆಗೆದುಕೊಳ್ಳುವವರಿಲ್ಲ ಎಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಆದರೂ ಹಟ ಬಿಡಲಿಲ್ಲ. ಬಿರುಕಿಗೆ ಅಡ್ಡಲಾಗಿ ಗಾಜಿನ ಸಣ್ಣ ಪಟ್ಟಿಗಳನ್ನು ಸಿಮೆಂಟಿನಿಂದ ಅಂಟಿಸಿದರು. "ಇದು ಮುರಿದ್ರೆ ಗೋಡೆ ಇನ್ನೂ ಜರುಗ್ತಿದೆ ಅಂತ ಅರ್ಥ. ದಿನಾ ನೋಡ್ತಾ ಇರಿ," ಎಂದು ತೀರ್ಥಪ್ಪನವರಿಗೆ ತೋರಿಸಿ ಹೇಳಿದರು. ತೀರ್ಥಪ್ಪ ಭಕ್ತಿಯಿಂದ ತಲೆಯಾಡಿಸಿದರು. ಮುಂದಿನ ಭಾನುವಾರ ಅಮ್ಮಾವರನ್ನೂ ಕರೆದುಕೊಂಡು ಬರಲೇಬೇಕು ಎಂದು ಕೈಮುಗಿದರು. ಸದ್ಯ, ಪೂಜೆಗೆ ದಿನ ಸಿಕ್ಕಿತಲ್ಲ ಎಂದು ಪಂಚಾಕ್ಷರಪ್ಪ ಖುಷಿಯಿಂದಲೇ ಬಂದರು.

ಬಂದು ನೋಡಿದರೆ ಬಾಗಿಲಿಗೆ ಮಾವಿನ ತೋರಣ. ಪೂಜೆಯೂ ಇಲ್ಲ, ಗುದ್ದಲಿಯೂ ಇಲ್ಲ. ಇವರಿಗೇ ಸನ್ಮಾನ! ಊಟದ ಮನೆಯೊಳಗೆ ಕಾಲಿಟ್ಟವರು ಅಲ್ಲೇ ನಿಂತರು. ಗಾಜಿನ ಪಟ್ಟಿಗಳನ್ನೆಲ್ಲಾ ಕೆರೆದು, ಬಿರುಕಿಗೆ ಮಣ್ಣು ಮೆತ್ತಿ, ಗೋಡೆಗೆ ಬೆಳ್ಳಗೆ ಸುಣ್ಣ ಬಳಿದಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ.

"ಆ ಗಾಜೆಲ್ಲಿ?"

"ಒಂದು ಮುರ್ದೋಗಿತ್ತು ಸಾರ್. ತಮ್ಮ ಸನ್ಮಾನದ ದಿನ ಒಡೆದ ಗಾಜು ಕಾಣಬಾರ್ದು, ಅಪಶಕುನ ಅಂತ ಎಲ್ಲಾ ತೆಗೆಸ್ಬಿಟ್ಟೆ."

ಗಾಜು ಮುರಿದಿತ್ತು ಎಂದರೆ ಗೋಡೆ ಜರುಗುತ್ತಿತ್ತು, ಮಕ್ಕಳು ಅದರ ಬುಡದಲ್ಲೇ ಸಾಲಾಗಿ ಎಲೆಯ ಮುಂದೆ ಕೂತಿದ್ದರು. ಒಬ್ಬಟ್ಟು ಬಡಿಸಿಯಾಗಿತ್ತು. ಅತಿಥಿ ತುತ್ತು ಎತ್ತದೆ ಯಾರೂ ಎಲೆ ಮುಟ್ಟುವಂತಿರಲಿಲ್ಲ. ಪಂಚಾಕ್ಷರಪ್ಪ ಭರ್ರನೆ ಹೊರಗೆ ಹೋಗಿ ಅಂಗಳದ ಬೇವಿನ ಮರದಡಿ ನಿಂತರು.

"ಮಕ್ಕಳು ಆ ಗೋಡೆ ಬಿಟ್ಟು ಹೊರಗೆ ಬರೋತನಕ ನಾನು ತುತ್ತೆತ್ತಲ್ಲ. ನೀವು ಏನು ಬೇಕಾದ್ರೂ ಅಂದ್ಕೊಳ್ಳಿ."

ತೀರ್ಥಪ್ಪ ಬೇಡಿಕೊಂಡರು. ಸನ್ಮಾನಕ್ಕೆ ಬಂದ ಊರಿನ ಹಿರಿಯರು ಮುಖ ಮುಖ ನೋಡಿಕೊಂಡರು. "ಬಿಸ್ಲಿದೆ, ಒಳಗೆ ಬನ್ರೀ," ಎಂದು ವಿಶಾಲಾಕ್ಷಮ್ಮನೂ ಸೆರಗು ಸರಿಮಾಡಿಕೊಳ್ಳುತ್ತಾ ಕರೆದು ಸೋತರು. ಕೊನೆಗೆ ಕರಿಬಸಮ್ಮ ಸೌಟು ಕುಕ್ಕಿದರು.

"ಏಳ್ರವ್ವಾ, ಎಲೆ ಎತ್ಕೊಂಡು ಹೊರಗೆ ನಡೀರಿ. ಮನೆಗೆ ಬಂದೋರು ಹಸ್ಕೊಂಡು ನಿಂತಿದ್ರೆ ನಮಗೆ ಅನ್ನ ಇಳೀತದಾ?"

ಮಕ್ಕಳು ಎದ್ದರು, ಹಿರಿಯರೂ ಎದ್ದರು. ಪಂಚಾಕ್ಷರಪ್ಪನವರಿಗೆ ಅದಕ್ಕೂ ಸಿಟ್ಟು ಬಂತು. ಗೋಡೆ ಬೀಳುತ್ತದೆ ಎಂದು ಇಷ್ಟು ದಿನ ಬಾಯಿ ಬಡಿದುಕೊಂಡರೂ ಕದಲದ ಜನ, ಅತಿಥಿ ಉಪವಾಸ ಎಂದ ಕೂಡಲೇ ಎದ್ದು ಬಂದಿದ್ದರು.

ಉಂಡು ಕೈ ತೊಳೆದವರೇ, ಹಿರಿಯರು ಮರದಡಿಯಲ್ಲೇ ಹೊದಿಸಿದ ಸನ್ಮಾನದ ಶಾಲನ್ನು ಹೆಂಡತಿಯ ಕೈಗೆ ತುರುಕಿ, ಅಡುಗೆಮನೆಯ ಹಿಂದಿದ್ದ ಗುದ್ದಲಿ ಎತ್ತಿಕೊಂಡರು. ಈ ಸಲ ಕಿತ್ತುಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ. ಬಚ್ಚಲ ಹಿಂದೆ ಮಾರುದ್ದ ಅಗೆಯುವಷ್ಟರಲ್ಲಿ ಬೆವರು ಕಿತ್ತುಕೊಂಡು ಬಂತು. ಇದ್ದಕ್ಕಿದ್ದಂತೆ ತಲೆಯ ಮೇಲೆ ನೆರಳಾಯಿತು. ತಿರುಗಿ ನೋಡಿದರೆ ತೀರ್ಥಪ್ಪ ಛತ್ರಿ ಹಿಡಿದು ನಿಂತಿದ್ದಾರೆ!

"ಥೂ! ಬಿಸಾಕ್ರೀ ಅದನ್ನ! ನಾನೇನು ಮದುವೆ ಗಂಡಾ? ನಿಮ್ಮ ಕಾಫಿ ಕುಡಿಯೋಕೆ ನಾನು ತರೀಕೆರೆಯಿಂದ ಬರ್ಬೇಕಿತ್ತಾ?"

"ಬಯ್ರಿ ಸಾರ್, ಬಯ್ರಿ." ತೀರ್ಥಪ್ಪ ಛತ್ರಿ ಇಳಿಸಲಿಲ್ಲ. "ಮೊದ್ಲು ಒಬ್ರು ಡಾಕ್ಟ್ರು ಬರೋರು. ಮಕ್ಕಳ್ನೆಲ್ಲಾ ನೋಡ್ಬಿಡಿ ಅಂತ ಸಾಲಾಗಿ ನಿಲ್ಲಿಸ್ದೆ. ಆಮೇಲೆ ಬರ್ಲೇ ಇಲ್ಲ. ಲಾಯರ್ ಒಬ್ರು ಜಾಗದ ಖಾತೆ ಮಾಡಿಸ್ಕೊಡ್ತೀನಿ ಅಂದ್ರು. ಏನಾಯ್ತು ಸಾರ್ ಅಂತ ಕೇಳಿದ್ದೇ ತಪ್ಪಾಯ್ತು, ಅವ್ರೂ ಈ ಕಡೆ ತಲೆ ಹಾಕ್ಲಿಲ್ಲ. ಕೆಲ್ಸ ಹೇಳಿದ್ರೆ ದೊಡ್ಡೋರು ಹೊಂಟೋಗ್ತಾರೆ. ನೀವೊಬ್ರಾದ್ರೂ ಉಳೀಲಿ ಅಂತ..."

ಪಂಚಾಕ್ಷರಪ್ಪನವರ ಸಿಟ್ಟು ಇಳಿಯಲಿಲ್ಲ. ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದೇ ತಿಳಿಯಲಿಲ್ಲ.

"ನಾನು ಉಳೀಲಿ ಅಂತ ಆ ಮಕ್ಕಳನ್ನ ಗೋಡೆ ಬುಡದಲ್ಲಿ ಕೂರಿಸಿದ್ರಲ್ಲ, ತೀರ್ಥಪ್ಪನೋರೇ!"

ತೀರ್ಥಪ್ಪ ಅಂಗಳದ ಕಡೆ ನೋಡಿದರು. ಮಕ್ಕಳು ಬೇವಿನ ಮರದಡಿ ಇನ್ನೂ ಒಬ್ಬಟ್ಟು ತಿನ್ನುತ್ತಿದ್ದರು. ತೀರ್ಥಪ್ಪ ಛತ್ರಿ ಮಡಚಿ ನೆಲಕ್ಕಿಟ್ಟರು. ಪಂಚೆ ಎತ್ತಿಕಟ್ಟಿ ಹಾರೆ ತರಲು ಹೋದರು.