ತಿರುವಿನಲ್ಲಿ ನಿಂತ ಅಣ್ಣ

ಶನಿವಾರ ಸಂಜೆ ಜಯನಗರದ ನಮ್ಮ ಮನೆಯ ವರಾಂಡದಲ್ಲಿ ಅಣ್ಣ ಎರಡೂ ಸೈಕಲ್ಲಿಗೆ ಗಾಳಿ ಹೊಡೆದು, ಮರುದಿನದ ಸೈಕಲ್ ರ‍್ಯಾಲಿಗೆ ಕೊಟ್ಟಿದ್ದ ನಮ್ಮ ನಂಬರ್ ಚೀಟಿಗಳನ್ನು ಹ್ಯಾಂಡಲ್ಲಿಗೆ ಕಟ್ಟಿದ. ಆಮೇಲೆ ಇಬ್ಬರೂ ಉಪ್ಪಿಟ್ಟು ತಿಂದು ಮಲಗಿದೆವು.

ಭಾನುವಾರ ಬೆಳಿಗ್ಗೆ ನೂರಾರು ಜನರ ಜೊತೆ ಹೊರಟೆವು. ಕುಮಾರಸ್ವಾಮಿ ಲೇಔಟಿನ ಒಂದು ತಿರುವಿನಲ್ಲಿ ಬಾಣದ ಗುರುತಿರಲಿಲ್ಲ, ದಾರಿ ತೋರಿಸಲು ಯಾರೂ ಇರಲಿಲ್ಲ, ವಾಹನಗಳನ್ನೂ ತಡೆದಿರಲಿಲ್ಲ. ಸವಾರರು ದಿಕ್ಕಿಗೊಬ್ಬರಂತೆ ಹೋಗುತ್ತಿದ್ದರು. ಅಣ್ಣ ಸೈಕಲ್ ಬದಿಗಿಟ್ಟು ರಸ್ತೆಯಲ್ಲಿ ನಿಂತು ಕೈ ತೋರಿಸತೊಡಗಿದ. ಅವನೇ ಆಯೋಜಕನೆಂದುಕೊಂಡು ಬಂದವರೆಲ್ಲ ಅವನನ್ನೇ ಬೈದರು.

“ಏನ್ ಗುರು, ಇದೇನಾ ನಿಮ್ ಅರೇಂಜ್‌ಮೆಂಟು? ಕುಡಿಯೋಕ್ ನೀರೂ ಇಲ್ವಲ್ಲ!”

“ಸಾರ್, ನಾನೂ ನಿಮ್ ಥರ ತುಳಿಯೋಕ್ ಬಂದೋನೇ. ಬೈಕೊಂಡೇ ಎಡಕ್ಕೆ ತಿರುಗ್ಸಿ,” ಎಂದು ಅಣ್ಣ ನಕ್ಕ. ನನಗೆ, “ನೀನ್ ಹೋಗ್ತಿರು, ಹಿಂದೇನೇ ಬರ್ತೀನಿ,” ಎಂದ.

ನಾನು ಹೋದೆ. ಕೊನೆಯ ಗೆರೆ ದಾಟಿ ಕಾಯುತ್ತಿದ್ದಾಗ ಫೋನ್ ಬಂತು. ಅದೇ ತಿರುವಿನಲ್ಲಿ ಟೆಂಪೊ ಒಂದು ಅವನಿಗೆ ಗುದ್ದಿತ್ತು. ಆಸ್ಪತ್ರೆ ತಲುಪುವ ಮೊದಲೇ ಅಣ್ಣ ಹೋಗಿಬಿಟ್ಟಿದ್ದ.

ಈಗಲೂ ಹಿಂದಿನಿಂದ ಸೈಕಲ್ ಚೈನಿನ ಸದ್ದು ಕೇಳಿದರೆ ನಿಧಾನ ಮಾಡುತ್ತೇನೆ. ಇನ್ಯಾರೋ ನನ್ನನ್ನು ದಾಟಿ ಹೋಗುತ್ತಾರೆ.

ಆಯೋಜಕರಿಗೆ ಮೂರು ಸಲ ಬರೆದೆ. ಆ ತಿರುವಿನಲ್ಲಿ ನಿಲ್ಲಬೇಕಾಗಿದ್ದವರು ಯಾರು ಎಂದು ಅವರು ಇವತ್ತಿಗೂ ಹೇಳಿಲ್ಲ.